ಒಂದು ಗೊಂಬೆ, ಒಂದು ಮಳೆಗಾಲ
(ಗೃಹಸ್ಥರ ಸ್ವಾಧ್ಯಾಯಕ್ಕೊಂದು ಪಾಠ)

ಗೃಹಸ್ಥನು ಕೂಡಿಡುವ ವಸ್ತುಗಳಲ್ಲಿ ಅತ್ಯಂತ ನಿರುಪದ್ರವಿಯಾಗಿ ತೋರುವುದು ಗೊಂಬೆ. ಚಿನ್ನಕ್ಕಿರುವ ಕಳ್ಳರ ಭಯ ಅದಕ್ಕಿಲ್ಲ. ಭೂಮಿಗಿರುವ ವ್ಯಾಜ್ಯದ ಚಿಂತೆಯೂ ಇಲ್ಲ. ಧರ್ಮಸ್ಥಳದ ಲಕ್ಷದೀಪೋತ್ಸವದ ಮಳಿಗೆಗಳಲ್ಲಾಗಲಿ, ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದ ಅಂಗಡಿಗಳಲ್ಲಾಗಲಿ ಬಣ್ಣಬಣ್ಣದ ಗೊಂಬೆಗಳ ಸಾಲನ್ನು ಕಂಡು ಮಕ್ಕಳ ಕಣ್ಣು ಅರಳುವುದು ಸಹಜ. ಹಿರಿಯರ ಮನಸ್ಸೂ ಕರಗುವುದು ಸಹಜವೇ. ಅಲ್ಲಿಂದ ಒಂದು ಗೊಂಬೆ ಮನೆಗೆ ಬಂದರೆ ಅದರ ಬಗೆಗೆ ಬರೆಯಬೇಕಾದುದೇನೂ ಇರಲಿಲ್ಲ. ಆದರೆ “ನಾವೂ ಗೊಂಬೆಗಳನ್ನು ಸಂಗ್ರಹಿಸೋಣ” ಎಂಬ ಸಂಕಲ್ಪವು ಹುಟ್ಟಿದೊಡನೆ ವಿಷಯವು ಬೇರೆಯಾಗುತ್ತದೆ. ಆಗ ಮನೆಗೆ ಬರುವುದು ಗೊಂಬೆ ಮಾತ್ರವಲ್ಲ. ಇಂದಿಲ್ಲದ ಇನ್ನೊಂದು ಗೊಂಬೆಯ ಬಯಕೆಯೂ ಅದರ ಜೊತೆಯಲ್ಲಿಯೇ ಬರುತ್ತದೆ.

ಇಂತಹ ಸಂಕಲ್ಪವನ್ನು ಮಾಡುವ ಮೊದಲು ಅಲ್ಪಬೆಲೆಯ ಒಂದೇ ಒಂದು ಗೊಂಬೆಯನ್ನು ಕೊಂಡು, ಒಂದು ಮಳೆಗಾಲವನ್ನು ಅದರೊಡನೆ ಕಳೆದು, ಆಮೇಲೆ ನಿರ್ಣಯಿಸುವುದು ಲೇಸು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪ್ರಾಂತದಲ್ಲಿ ವಾಸಿಸುವ ಜೈನ ಮನೆಗಳಿಗೆ ಈ ಮಾತು ಏಕೆ ವಿಶೇಷವಾಗಿ ಅನ್ವಯಿಸುವುದೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಗೊಂಬೆಗಳ ಪರಂಪರೆ

ಗೊಂಬೆಯನ್ನು ಕೀಳಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ. ಮರದಲ್ಲಿ ರೂಪವನ್ನು ಕಡೆಯುವ ಕಲೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಮೂಡುಬಿದಿರೆಯಲ್ಲಿ ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರ ದೇಹಗಳಿಂದ ಆನೆಯಾದ ನವನಾರೀಕುಂಜರವನ್ನೂ, ಐವರಿಂದ ಕುದುರೆಯಾದ ಪಂಚನಾರೀತುರಗವನ್ನೂ ನೋಡದವರು ವಿರಳ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಯಾಟವು ತಲೆಮಾರುಗಳಿಂದ ನಡೆದುಬಂದಿದೆ. ಕಾಸರಗೋಡಿನಲ್ಲಿಯೂ ಅಂತಹ ಮೇಳವುಂಟು.

ಘಟ್ಟದ ಮೇಲೆ ಹೋದರೆ ಹಳೆಯ ಮೈಸೂರು ಸೀಮೆಯಲ್ಲಿ ನವರಾತ್ರಿಯ ಗೊಂಬೆ ಕೂರಿಸುವ ಪದ್ಧತಿಯಿದೆ. ಮದುವೆಯ ಕಾಲದಲ್ಲಿ ತವರಿನವರು ಕೊಡುವ ಪಟ್ಟದ ಗೊಂಬೆಗಳ ಜೋಡಿಯಿಂದ ಆರಂಭಿಸಿ, ವರುಷಕ್ಕೊಂದೆರಡರಂತೆ ಹೊಸ ಗೊಂಬೆಗಳನ್ನು ಸೇರಿಸುತ್ತ, ಬೆಸಸಂಖ್ಯೆಯ ಮೆಟ್ಟಿಲುಗಳಲ್ಲಿ ಜೋಡಿಸುವುದು ಅಲ್ಲಿನ ವಾಡಿಕೆ. ತುಳುನಾಡಿನಲ್ಲಿ ಇದು ಮನೆಮನೆಯ ಆಚರಣೆಯಲ್ಲ. ಆದುದರಿಂದ ನಮ್ಮಲ್ಲಿ ಗೊಂಬೆಗಳನ್ನು ಕೂಡಿಸಹೊರಟವರಿಗೆ ಅಜ್ಜಿಯಿಂದ ಬಂದ ಪೆಟ್ಟಿಗೆಯಾಗಲಿ, ಅವನ್ನು ಕಾಪಾಡುವ ತಿಳಿವಳಿಕೆಯಾಗಲಿ ಕೈಯಲ್ಲಿರುವುದಿಲ್ಲ. ಎಲ್ಲವನ್ನೂ ಹೊಸದಾಗಿ ಕಲಿಯಬೇಕು.

ದೊಡ್ಡ ಸಂಗ್ರಹವೂ ಒಂದು ಗೊಂಬೆಯಿಂದಲೇ ಆರಂಭವಾಗಬಲ್ಲದೆಂಬುದಕ್ಕೆ ದೆಹಲಿಯ ಉದಾಹರಣೆ ಪ್ರಸಿದ್ಧವಾಗಿದೆ. ವ್ಯಂಗ್ಯಚಿತ್ರಕಾರ ಕೆ. ಶಂಕರ ಪಿಳ್ಳೆಯವರಿಗೆ 1950ರ ದಶಕದ ಆರಂಭದಲ್ಲಿ ಹಂಗೇರಿಯ ರಾಯಭಾರಿಯು, ಅವರು ನಡೆಸುತ್ತಿದ್ದ ಮಕ್ಕಳ ಸ್ಪರ್ಧೆಯ ಬಹುಮಾನಕ್ಕೆಂದು ಒಂದು ಗೊಂಬೆಯನ್ನು ಕೊಟ್ಟರು. ಅದನ್ನು ಮೆಚ್ಚಿದ ಶಂಕರರು ಮುಂದೆ ದೇಶದೇಶಗಳಿಂದ ಗೊಂಬೆಗಳನ್ನು ಕೂಡಿಸಿದರು. 1965ರ ನವೆಂಬರ್ 30ರಂದು ಅವರ ಹೆಸರಿನ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವು ದೆಹಲಿಯಲ್ಲಿ ತೆರೆಯಿತು. ಅಲ್ಲಿ ಈಗ 6,000ಕ್ಕೂ ಮಿಕ್ಕ ಗೊಂಬೆಗಳಿವೆ. ಆದರೆ ಅವುಗಳಿಗೆ ಕಟ್ಟಡವಿದೆ, ಗಾಜಿನ ಕಪಾಟುಗಳಿವೆ, ನೋಡಿಕೊಳ್ಳುವ ಸಿಬ್ಬಂದಿಯಿದ್ದಾರೆ. ನೋಡಬರುವ ಸಾವಿರಾರು ಮಕ್ಕಳಿದ್ದಾರೆ. ನಮ್ಮ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನು ನೋಡಿದವರಿಗೂ ಇದು ತಿಳಿದಿರುವುದು: ಸಂಗ್ರಹವು ಲೋಕಕ್ಕೆ ತೆರೆದಾಗ ಅದು ವಿದ್ಯೆಯ ಸಾಧನವಾಗುತ್ತದೆ. ಮನೆಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಸಂಗ್ರಹವು ಯಾರ ವಿದ್ಯೆಗೆ ಎಂಬ ಪ್ರಶ್ನೆಯನ್ನು ಗೃಹಸ್ಥನು ಮೊದಲೇ ಕೇಳಿಕೊಳ್ಳಬೇಕು.

೨. ಗೊಂಬೆಯೂ ಪರಿಗ್ರಹದ ಲೆಕ್ಕದಲ್ಲಿದೆ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವಾಗ ನಾವು ಹೊಲ–ಮನೆ, ಬೆಳ್ಳಿ–ಬಂಗಾರ, ಧನ–ಧಾನ್ಯಗಳ ಮಿತಿಯನ್ನು ಎಚ್ಚರದಿಂದ ಹೇಳಿಕೊಳ್ಳುತ್ತೇವೆ. ಬಟ್ಟೆ, ಪಾತ್ರೆ ಮೊದಲಾದ ಮನೆಯ ಸಾಮಗ್ರಿಗಳು ‘ಕುಪ್ಯ’ವೆಂಬ ಹೆಸರಿನಿಂದ ಅದೇ ಪಟ್ಟಿಯಲ್ಲಿವೆ. ಬೆಲೆಯುಳ್ಳ ವಸ್ತುವಿನ ಲೆಕ್ಕವಿಟ್ಟು ಬಿಡಿಕಾಸಿನ ವಸ್ತುವನ್ನು ಮರೆಯುವುದು ವಾಡಿಕೆ. ಗೊಂಬೆಯು ಈ ಮರೆವಿನ ಬಾಗಿಲಿನಿಂದಲೇ ಒಳಗೆ ಬರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯೆಂದು ಗುರುತಿಸಿದರಷ್ಟೆ. ಮೂರ್ಛೆಗೆ ವಸ್ತುವಿನ ಬೆಲೆ ಕಾರಣವಲ್ಲ. ನೂರು ರೂಪಾಯಿಯ ಗೊಂಬೆ ಒಡೆದುದಕ್ಕೆ ಮಗುವಿನ ಬೆನ್ನಿಗೆ ಪೆಟ್ಟು ಬೀಳುವ ಮನೆಯಲ್ಲಿ ಮೂರ್ಛೆಯು ಆ ನೂರು ರೂಪಾಯಿಗಿಂತ ದೊಡ್ಡದಾಗಿಯೇ ಇದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವರು. ಅಳೆಯಬೇಕಾದುದು ಕಪಾಟನ್ನಷ್ಟೇ ಅಲ್ಲ, ಇಚ್ಛೆಯನ್ನು ಎಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ. ಆ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭಗಳನ್ನು ಅವರು ಎಣಿಸಿರುವರು. ಇವುಗಳನ್ನು ವಿವರಿಸುವವರು ಧಾನ್ಯದ, ವ್ಯಾಪಾರದ ದೃಷ್ಟಾಂತಗಳನ್ನು ಕೊಡುವುದು ರೂಢಿ. ಹವ್ಯಾಸದ ಸಂಗ್ರಹದಲ್ಲಿಯೂ ಇವೇ ಮೂರು ಮೆಟ್ಟಿಲುಗಳು ಕಾಣುತ್ತವೆ. ಬೇಕಾದುದಕ್ಕಿಂತ ಹೆಚ್ಚು ಕೂಡಿಸುವುದು, ನೆರೆಮನೆಯ ಕಪಾಟನ್ನು ಕಂಡು ಬೆರಗಾಗಿ ತಳಮಳಿಸುವುದು, ಇದ್ದುದು ಸಾಲದೆಂದು ಮತ್ತೆ ಬಯಸುವುದು.

ಹಾಗಾದರೆ ಬಯಕೆ ಹುಟ್ಟಿದಾಗ ಏನು ಮಾಡತಕ್ಕದ್ದು? ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಅದೇ ಆಚಾರ್ಯರು ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿರುವರು. ಕಾಲದ ಮಿತಿಯಿಟ್ಟುಕೊಂಡು ಪಾಲಿಸುವುದು ನಿಯಮ. ಜೀವಾವಧಿ ಪಾಲಿಸುವುದು ಯಮ. ನಿಯಮವನ್ನು ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ — ಹೀಗೆ ಶಕ್ತಿಗೆ ತಕ್ಕ ಅವಧಿಗೆ ತೆಗೆದುಕೊಳ್ಳಬಹುದು. ಉಪವಾಸವನ್ನು ಮೊದಲ ಬಾರಿ ಮಾಡುವವನಿಗೆ ಹಿರಿಯರು ಮಾಸೋಪವಾಸವನ್ನು ಹೇಳುವುದಿಲ್ಲ, ಏಕಾಶನದಿಂದ ಆರಂಭಿಸೆನ್ನುತ್ತಾರೆ. ತನ್ನ ಶಕ್ತಿ ಎಷ್ಟೆಂದು ಅವನಿಗೇ ತಿಳಿಯಲೆಂಬುದು ಅದರ ಉದ್ದೇಶ. ವ್ರತಕ್ಕೆ ಹೊಂದುವ ಈ ಕ್ರಮವು ಬಯಕೆಗೂ ಹೊಂದುತ್ತದೆ. ‘ಈ ದೀಪಾವಳಿಯವರೆಗೆ ಒಂದೇ ಗೊಂಬೆ, ಎರಡನೆಯದಿಲ್ಲ’ ಎಂಬುದು ಒಂದು ನಿಯಮ. ಅದು ಬಯಕೆಯನ್ನು ಹೊಸಕಿ ಹಾಕುವುದಿಲ್ಲ. ಅದಕ್ಕೆ ಅಳತೆಯನ್ನು ಕೊಡುತ್ತದೆ.

೩. ಮೊದಲ ಗೊಂಬೆಯನ್ನು ಆರಿಸುವ ಬಗೆ

ಮೊದಲ ಗೊಂಬೆಯು ಅಲ್ಪಬೆಲೆಯದಾಗಿರಬೇಕು, ಆದರೆ ಮುಂದೆ ಸಂಗ್ರಹಿಸಬೇಕೆಂದಿರುವ ಜಾತಿಯದೇ ಆಗಿರಬೇಕು. ಮರದ ಗೊಂಬೆಗಳನ್ನು ಕೂಡಿಸಬೇಕೆಂದಿರುವವರು ಪ್ಲಾಸ್ಟಿಕ್ಕಿನ ಗೊಂಬೆಯನ್ನು ಕೊಂಡು ಪರೀಕ್ಷಿಸಿದರೆ ಮರದ ಪಾಲನೆಯ ಕಷ್ಟಸುಖ ಅವರಿಗೆ ತಿಳಿಯುವುದಿಲ್ಲ. ಹಾಗೆಯೇ, ಅಗ್ಗವೆಂದು ಹತ್ತನ್ನು ಕೊಂಡರೆ ಅದು ಪರೀಕ್ಷೆಯಾಗದು. ಸಂಗ್ರಹವು ಆಗಲೇ ಆರಂಭವಾದಂತೆ.

ಚನ್ನಪಟ್ಟಣದ ಚಿಕ್ಕ ಗೊಂಬೆಗಳು ಕೆಲವು ನೂರು ರೂಪಾಯಿಗಳೊಳಗೆ ದೊರೆಯುತ್ತವೆ. ಹಾಲೆಮರದ ತುಂಡನ್ನು ಒಣಗಿಸಿ, ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಈ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಇಲ್ಲಿ ಜೈನ ಗೃಹಸ್ಥನು ತಿಳಿದಿರಬೇಕಾದ ಸಂಗತಿಯೊಂದುಂಟು. ‘ಸಸ್ಯಜನ್ಯ ಬಣ್ಣ’ವೆಂದು ಅಂಗಡಿಯವರು ಹೇಳುವುದು ಅರಿಸಿನ, ನೀಲಿ ಮೊದಲಾದ ವರ್ಣದ್ರವ್ಯಕ್ಕೆ ಸಂಬಂಧಿಸಿದ ಮಾತು. ಆ ವರ್ಣವನ್ನು ಹಿಡಿದಿಡುವ ಅರಗು ಸಸ್ಯಜನ್ಯವಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ವಾಸಿಸುವ ಅರಗಿನ ಕೀಟಗಳು ಸ್ರವಿಸುವ ದ್ರವ್ಯವೇ ಅರಗು; ಕೊಂಬೆಯನ್ನು ಕಡಿದು ಅರಗನ್ನು ಬಿಡಿಸುವಾಗ ಅಸಂಖ್ಯ ಜೀವಗಳಿಗೆ ಹಾನಿಯಾಗುತ್ತದೆ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಉಲ್ಲೇಖಿತವಾದ ಹದಿನೈದು ಖರಕರ್ಮಗಳಲ್ಲಿ ಅರಗಿನ ವಾಣಿಜ್ಯವೂ ಸೇರಿರುವುದು ಈ ಕಾರಣದಿಂದಲೇ. ಅಲ್ಲಿ ಹೇಳಿದುದು ವ್ಯಾಪಾರದ ಮಾತು. ಒಂದು ಆಟಿಕೆಯ ಬಳಕೆಯನ್ನು ಅದರೊಡನೆ ಸಮೀಕರಿಸಬೇಕಾಗಿಲ್ಲ. ಆದರೂ ಒಂದು ಗೊಂಬೆಗೂ ನೂರು ಗೊಂಬೆಗಳಿಗೂ ಇರುವ ಅಂತರವನ್ನು ವಿವೇಕಿಯು ಎಣಿಸದೆ ಇರಲಾರನು. ಸಂದೇಹವುಳ್ಳವರು ಬಣ್ಣ ಹಚ್ಚದ ಬರಿಮರದ ಗೊಂಬೆಯನ್ನೋ, ಮಣ್ಣಿನದನ್ನೋ, ಹತ್ತಿಬಟ್ಟೆಯದನ್ನೋ ಆರಿಸಿಕೊಳ್ಳಬಹುದು.

ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳೂ ಪ್ರಸಿದ್ಧವಾಗಿವೆ. ಕೊಪ್ಪಳವೆಂದರೆ ನಮ್ಮ ಪ್ರಾಚೀನ ಕೊಪಣತೀರ್ಥವೆಂಬುದನ್ನು ವಾಚಕರು ಬಲ್ಲರು. ಅಲ್ಲಿನ ಚಿತ್ರಗಾರರು ಹಗುರವಾದ ಮರವನ್ನು ಬಳಸಿ, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ ಬಣ್ಣವಿಡುತ್ತಾರೆ. ಇನ್ನು ತೊಗಲುಗೊಂಬೆಯು ಪ್ರಾಣಿಯ ಚರ್ಮದಿಂದಾದುದು. ಅದರ ಕಲೆಯನ್ನು ಆಟದಲ್ಲಿ ಕಂಡು ಮೆಚ್ಚಬಹುದಾದರೂ ಮನೆಗೆ ತರುವುದು ನಮಗೆ ಉಚಿತವಲ್ಲ. ರಕ್ತಚಂದನದ ಪಟ್ಟದ ಗೊಂಬೆಗಳು ದುಬಾರಿ. ಆ ಮರವು ಕಾನೂನಿನ ರಕ್ಷಣೆಯಲ್ಲಿರುವುದರಿಂದ ಅವು ಆರಂಭಿಕರ ವಸ್ತುವೂ ಅಲ್ಲ.

ಕೊಳ್ಳುವಾಗ ಗೊಂಬೆಯನ್ನು ತಿರುವಿ ಅದರ ತಳವನ್ನು ನೋಡಬೇಕು. ಸೂಜಿಮೊನೆಯಂತಹ ತೂತುಗಳಿದ್ದರೆ, ತಟ್ಟಿದಾಗ ಹಿಟ್ಟಿನಂತಹ ಪುಡಿ ಉದುರಿದರೆ, ಮರಕ್ಕೆ ಕುಟ್ಟೆ ಹಿಡಿದಿದೆಯೆಂದು ತಿಳಿದು ಬಿಟ್ಟುಬಿಡಬೇಕು. ಒಳಗಿರುವ ಜೀವದೊಡನೆ ಮನೆಗೆ ತಂದು ಆಮೇಲೆ ಪೇಚಾಡುವುದು ಬೇಡ. ತೀರ್ಥಂಕರರ, ಯಕ್ಷಯಕ್ಷಿಯರ ಆಕೃತಿಗಳನ್ನು ಅಲಂಕಾರದ ಗೊಂಬೆಗಳ ಸಾಲಿಗೆ ಸೇರಿಸಬಾರದು. ಬಿಂಬಕ್ಕೆ ಸಲ್ಲುವ ಸ್ಥಾನ ಬೇರೆ, ಆಟಿಕೆಗೆ ಸಲ್ಲುವ ಸ್ಥಾನ ಬೇರೆ.

೪. ಮಳೆಗಾಲವೆಂಬ ಪರೀಕ್ಷಕ

ಮೈಸೂರಿನ ಒಣಹವೆಯಲ್ಲಿ ಗೊಂಬೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ನವರಾತ್ರಿಗೆ ಸುಮ್ಮನೆ ತೆಗೆಯಬಹುದು. ನಮ್ಮಲ್ಲಿ ಹಾಗಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳದು. ಗಾಳಿಯ ಸಾಪೇಕ್ಷ ತೇವಾಂಶವು ಶೇಕಡಾ 65–70ನ್ನು ಮೀರಿ ಬಹುಕಾಲ ನಿಂತರೆ ಮರ, ಬಟ್ಟೆ, ಕಾಗದಗಳಿಗೆ ಬೂಷ್ಟು ಹಿಡಿಯಲು ಅನುಕೂಲವಾಗುತ್ತದೆ. ಆಟಿ ತಿಂಗಳಿನಲ್ಲಿ ನಮ್ಮ ಮನೆಗಳೊಳಗಿನ ತೇವವು ಇದಕ್ಕಿಂತ ಬಹಳ ಮೇಲಿರುವುದು. ಒಲೆಯ ಮೇಲೆ ಕಟ್ಟಿದ ಬಟ್ಟೆಯೇ ಒಣಗದ ಕಾಲದಲ್ಲಿ ಮುಚ್ಚಿದ ಕಪಾಟಿನ ಗೊಂಬೆ ಒಣಗಿರುವುದೆಂತು?

ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂಬ ಕಾರಣದಿಂದಲೇ ಮುನಿಗಳು ಆಷಾಢದಿಂದ ವೀರನಿರ್ವಾಣದ ದೀಪಾವಳಿಯವರೆಗೆ ಒಂದೆಡೆ ನಿಂತು ಚಾತುರ್ಮಾಸ್ಯವನ್ನು ಆಚರಿಸುವರು. ಗೃಹಸ್ಥನ ಗೊಂಬೆಯ ಪರೀಕ್ಷೆಗೂ ಇದೇ ತಕ್ಕ ಅವಧಿ.

ಪಾಲನೆಯ ಮುಖ್ಯ ಸೂತ್ರವೆಂದರೆ ಮುಂಜಾಗ್ರತೆ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ನಮ್ಮ ಹಿರಿಯರು ಶಾಸ್ತ್ರಗಳ ಕಟ್ಟುಗಳನ್ನು ಬಿಚ್ಚಿ, ಧೂಳು ತೆಗೆದು, ಹೊಸ ವಸ್ತ್ರದಲ್ಲಿ ಕಟ್ಟಿಡುತ್ತಿದ್ದರು. ಅದು ಮಳೆ ಆರಂಭವಾಗುವ ಹೊತ್ತು. ಮೂಡುಬಿದಿರೆಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಡವಾಲೆಗಳು ಇಂತಹ ಹವೆಯಲ್ಲಿಯೂ ಶತಮಾನಗಳ ಕಾಲ ಉಳಿದುಬಂದುದು ಕಾಪಿಟ್ಟವರ ಎಚ್ಚರದಿಂದ. ಶ್ರುತದ ಗೌರವಕ್ಕೂ ಆಟಿಕೆಯ ಪಾಲನೆಗೂ ಹೋಲಿಕೆಯಿಲ್ಲ. ಆದರೆ ಕೀಟ ಬರುವ ಮೊದಲೇ ಎಚ್ಚರವಹಿಸಿದರೆ ಕೀಟವನ್ನು ಕೊಲ್ಲುವ ಪ್ರಸಂಗವೇ ಬಾರದೆಂಬ ಅದರ ಹಿಂದಿನ ವಿವೇಕವು ಎಲ್ಲ ವಸ್ತುಗಳಿಗೂ ಒಂದೇ.

ಗೊಂಬೆಯನ್ನು ಮಳೆ ಬಡಿಯುವ ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಎರಡು ದಿನಗಳಿಗೊಮ್ಮೆ ಮೃದುವಾದ ಒಣಬಟ್ಟೆಯಿಂದ ಒರೆಸಬೇಕು. ವಾರಕ್ಕೊಮ್ಮೆ ತಳವನ್ನೂ ಸಂದುಗಳನ್ನೂ ನೋಡಬೇಕು. ನೀರಿನಿಂದ ತೊಳೆಯಬಾರದು. ಅರಗಿನ ಗೊಂಬೆಗೆ ಸ್ಪಿರಿಟ್ ತಗಲಿಸಬಾರದು, ಅದು ಅರಗನ್ನು ಕರಗಿಸುತ್ತದೆ. ಬಿಸಿಲು ಕಂಡ ದಿನ ನೆರಳಿನ ಗಾಳಿಗೆ ಒಡ್ಡಬೇಕೇ ಹೊರತು ಉರಿಬಿಸಿಲಿನಲ್ಲಿಟ್ಟು ಬಣ್ಣ ಕೆಡಿಸಬಾರದು.

ಇಷ್ಟು ಮಾಡಿಯೂ ಕುಟ್ಟೆ ಹಿಡಿದರೆ? ಈ ಪಾಠದ ತಿರುಳು ಇರುವುದು ಇಲ್ಲಿಯೇ. ಕೈಯಲ್ಲಿರುವುದು ನೂರು ರೂಪಾಯಿಯ ಒಂದು ಗೊಂಬೆಯಾದರೆ ಅದನ್ನು ಇತರ ಮರದ ಸಾಮಾನುಗಳಿಂದ ದೂರಮಾಡಿ, ಹಟ್ಟಿಯ ಮಾಡಿನ ಕೆಳಗೋ ತೋಟದ ಮೂಲೆಯಲ್ಲೋ ಇಟ್ಟು, ‘ಹೋದರೆ ಹೋಗಲಿ’ ಎನ್ನುವುದು ಯಾರಿಗೂ ಸಾಧ್ಯ. ಆದರೆ ವರುಷಗಟ್ಟಲೆ ಕೂಡಿಸಿದ ನೂರು ಗೊಂಬೆಗಳ ಕಪಾಟಿಗೆ ಹುಳು ಬಿದ್ದರೆ ಒಡೆಯನ ಕೈ ಎತ್ತ ಹೋಗುವುದು? ನುಸಿಗುಳಿಗೆಗೆ, ಸಿಂಪಡಿಸುವ ವಿಷಕ್ಕೆ. ಕೀಟಗಳು ತ್ರಸಜೀವಿಗಳು. ಅಡಿಗೆ, ಬೇಸಾಯಗಳಲ್ಲಿ ತಪ್ಪಿಸಲಾರದ ಹಿಂಸೆಯನ್ನು ಆರಂಭೀ, ಉದ್ಯೋಗೀ ಎಂದು ವಿಂಗಡಿಸಿ ಗೃಹಸ್ಥನಿಗೆ ಸ್ವಲ್ಪ ಅವಕಾಶವನ್ನು ಕೊಟ್ಟಿದೆ. ಕೊಲ್ಲುವೆನೆಂದು ನಿಶ್ಚಯಿಸಿ ಮಾಡುವ ಸಂಕಲ್ಪೀ ಹಿಂಸೆಗೆ ಅವಕಾಶವಿಲ್ಲ. ಹೊಟ್ಟೆಗೂ ಬೇಡದ, ಮಾನರಕ್ಷಣೆಗೂ ಬೇಡದ ಆಟಿಕೆಗಾಗಿ ಜೀವಹತ್ಯೆಗೆ ಸಿದ್ಧನಾಗುವಂತಹ ಸ್ಥಿತಿಯನ್ನು ನಾನೇ ಹಣ ಕೊಟ್ಟು ತಂದುಕೊಳ್ಳಬೇಕೇ ಎಂದು ಕೇಳಿಕೊಳ್ಳಬೇಕು. ಒಂದು ಗೊಂಬೆಯು ನಮಗೆ ಈ ಪ್ರಶ್ನೆಯನ್ನು ಸುಲಭದ ಬೆಲೆಗೆ ಕೇಳುತ್ತದೆ.

೫. ನಾಲ್ಕು ತಿಂಗಳಿನಲ್ಲಿ ಗಮನಿಸಬೇಕಾದುದು

ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕೆ ಮೀಸಲಿಡಬಹುದು. ಗೊಂಬೆಯ ಬೆಲೆಯನ್ನಷ್ಟೇ ಬರೆಯದೆ, ಅದಕ್ಕಾಗಿ ಪಟ್ಟ ಇತರ ಖರ್ಚನ್ನೂ ಬರೆಯಬೇಕು. ಅನೇಕ ವೇಳೆ ಗೊಂಬೆಗಿಂತ ಅದರ ಗಾಜಿನ ಪೆಟ್ಟಿಗೆಯೇ ದುಬಾರಿಯಾಗುವುದು. ಒರೆಸುವ ಕೆಲಸವನ್ನು ಯಾರು ಮಾಡಿದರೆಂಬುದನ್ನೂ ಗುರುತಿಸಬೇಕು. ಬಯಸಿದವರು ಮಕ್ಕಳು, ಒರೆಸಿದವರು ಅಮ್ಮ ಎಂದಾದರೆ ನೂರು ಗೊಂಬೆಗಳ ಹೊರೆ ಯಾರ ಮೇಲೆ ಬೀಳುವುದೆಂದು ಬೇರೆ ಹೇಳಬೇಕಾಗಿಲ್ಲ.

ಮನಸ್ಸನ್ನೂ ನೋಡಿಕೊಳ್ಳಬೇಕು. ತಂದ ಗೊಂಬೆಯನ್ನು ಎರಡು ತಿಂಗಳಾದ ಮೇಲೂ ನೋಡಿ ಸಂತೋಷಪಡುತ್ತೇವೆಯೇ, ಅಥವಾ ತಾರದ ಗೊಂಬೆಯನ್ನೇ ನೆನೆಯುತ್ತೇವೆಯೇ? ಭಾದ್ರಪದದ ದಶಲಕ್ಷಣ ಪರ್ವದ ಒಂಬತ್ತನೆಯ ದಿನವಾದ ಉತ್ತಮ ಆಕಿಂಚನ್ಯದಂದು ಮನೆಯವರೆಲ್ಲ ಕುಳಿತು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಒಳ್ಳೆಯದು. ಮಗುವಿನ ಕೈಗೆ ಗೊಂಬೆಯನ್ನು ಧಾರಾಳವಾಗಿ ಕೊಡಬೇಕು. ಮುಟ್ಟಬೇಡವೆಂದು ಗಾಜಿನೊಳಗಿಟ್ಟ ಗೊಂಬೆಯಿಂದ ಮಗು ಕಲಿಯುವುದು ಒಡೆತನವನ್ನು ಮಾತ್ರ; ಆಡಿದ ಗೊಂಬೆಯಿಂದ ಹಂಚಿಕೊಳ್ಳುವುದನ್ನೂ, ಸವೆದು ಹೋಗುವುದನ್ನೂ ಕಲಿಯುತ್ತದೆ.

೬. ನಿರ್ಣಯ

ದೀಪಾವಳಿಯ ಹೊತ್ತಿಗೆ ಮನೆಯವರ ಮುಂದೆ ಮೂರು ದಾರಿಗಳಿರುತ್ತವೆ. ಆಸಕ್ತಿ ಆರಿಹೋಗಿದ್ದರೆ ಗೊಂಬೆಯನ್ನು ಅಂಗನವಾಡಿಯ ಮಕ್ಕಳಿಗೋ ನೆರೆಯ ಮಗುವಿಗೋ ಕೊಟ್ಟು ಹಗುರಾಗಬಹುದು. ಹೋದುದು ಅಲ್ಪಹಣ, ಉಳಿದುದು ಬಹಳ. ಆ ಒಂದರಲ್ಲಿಯೇ ತೃಪ್ತಿಯಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ತೃಪ್ತಿಯೂ ಒಂದು ಸಂಪಾದನೆಯೇ. ಇನ್ನು ಆಸಕ್ತಿಯೂ ಪಾಲನೆಯ ಶಕ್ತಿಯೂ ನಿಜವಾಗಿ ಕಂಡುಬಂದರೆ, ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಮಳಿಗೆಗೆ ಹೋಗುವ ಮೊದಲೇ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಬೇಕು. ‘ಹೆಚ್ಚು ಕೊಳ್ಳುವುದಿಲ್ಲ’ ಎಂಬುದು ಮಿತಿಯಲ್ಲ. ‘ಐದು ಗೊಂಬೆಗಳು, ಆರನೆಯದು ಬಂದರೆ ಒಂದನ್ನು ದಾನ ಮಾಡುವೆವು, ಯಾವ ಗೊಂಬೆಗಾಗಿಯೂ ಜೀವಹಿಂಸೆ ಮಾಡುವುದಿಲ್ಲ’ ಎಂಬುದು ಮಿತಿ. ಮಳಿಗೆಯ ದೀಪದ ಬೆಳಕಿನಲ್ಲಿ ಸಂಖ್ಯೆ ಯಾವಾಗಲೂ ಬೆಳೆಯುತ್ತದೆ. ಮನೆಯ ದೀಪದ ಮುಂದೆ ಗೊತ್ತುಮಾಡಿದ ಸಂಖ್ಯೆ ನಿಲ್ಲುತ್ತದೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ನಿಯಮಕ್ಕೂ ಯಮಕ್ಕೂ ಇರುವ ಭೇದವೇನು? ಮೊದಲ ಗೊಂಬೆಯ ಪರೀಕ್ಷೆ ಯಾವುದಕ್ಕೆ ಹೊಂದುತ್ತದೆ?
2. ‘ಕುಪ್ಯ’ದಲ್ಲಿ ನಿಮ್ಮ ಮನೆಯ ಯಾವ ಯಾವ ವಸ್ತುಗಳು ಲೆಕ್ಕಕ್ಕೆ ಬಾರದೆ ಉಳಿದಿವೆ?
3. ಅರಗಿನ ಉತ್ಪತ್ತಿಯ ಕ್ರಮವನ್ನು ಮಕ್ಕಳಿಗೆ ವಿವರಿಸಿರಿ.
4. ವಿಷವನ್ನು ಬಳಸದೆ ಮರದ ವಸ್ತುವನ್ನು ಮಳೆಗಾಲದಲ್ಲಿ ಕಾಪಾಡುವ ಉಪಾಯಗಳಾವುವು?
5. ಗೊಂಬೆಯ ಸ್ಥಾನದಲ್ಲಿ ಸೀರೆ, ಪಾತ್ರೆ, ಅಲಂಕಾರದ ಗಿಡ — ಇವುಗಳಲ್ಲಿ ಒಂದನ್ನಿಟ್ಟು ಈ ಪಾಠವನ್ನು ಮತ್ತೊಮ್ಮೆ ಮನನ ಮಾಡಿರಿ.